ಸೇತುವೆಯ ಮೇಲೆ ಕಂಡ ಖಾಲಿ ಕೇಜು

ಬಾಟಲಿ ದಾರಿಯಲ್ಲಿ ಬಿದ್ದುಹೋಯಿತು ಎಂದು ನಾನು ಹೇಳಿದೆ. ಬೀಳಲಿಲ್ಲ, ನೀವೇ ಎಲ್ಲೋ ಬಿಟ್ಟು ಬಂದಿರಿ ಎಂದು ನನ್ನ ಹೆಂಡತಿ ಹೇಳಿದಳು. ಕಳೆದ ಬೇಸಿಗೆಯಲ್ಲಿ ಮಯೂರ್ ವಿಹಾರದ ನಮ್ಮ ಫ್ಲಾಟಿನಲ್ಲಿ ಎಷ್ಟೋ ದಿನ ಇದೊಂದೇ ವಿಚಾರಣೆ ನಡೆಯಿತು. ಕೇಳಿದವರಿಗೆ ತಮಾಷೆ ಅನ್ನಿಸಬಹುದು. ಒಂದು ಸ್ಟೀಲ್ ಬಾಟಲಿ ಹೋದರೆ ಇನ್ನೊಂದು ತಂದರಾಯಿತು. ನಮಗೆ ಹಾಗೆ ಅನ್ನಿಸದಿರಲು ಕಾರಣ ನನ್ನ ಅಣ್ಣ.

ಅಣ್ಣನೂ ಇದೇ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದ. ಅವನ ಮರೆವು ಶುರುವಾದದ್ದು ಕನ್ನಡಕ, ಛತ್ರಿಯಂಥ ಸಣ್ಣ ವಸ್ತುಗಳಿಂದ. ಆಗ ನಾವೆಲ್ಲ ನಕ್ಕಿದ್ದೆವು. ಒಂದು ದಿನ ಪೀತಮ್‌ಪುರದಲ್ಲಿ, ತಾನು ದಿನಾ ಹೋಗುವ ಮಾರುಕಟ್ಟೆಯಲ್ಲಿ, ಹಾಲಿನ ಪ್ಯಾಕೆಟ್ ಹಿಡಿದು ನಿಂತು ತನ್ನ ಮನೆ ಯಾವ ಕಡೆಗೆ ಎಂದು ತರಕಾರಿಯವನನ್ನು ಕೇಳಿದ. ಆಮೇಲೆ ಯಾರೂ ನಗಲಿಲ್ಲ. ಕೊನೆಯ ವರ್ಷಗಳಲ್ಲಿ ಅವನಿಗೆ ತುತ್ತು ಕಲಸಿ ಕೊಟ್ಟವಳು ನನ್ನ ಹೆಂಡತಿ. ಅಣ್ಣನಿಗೆ ಅದು ಶುರುವಾದ ವಯಸ್ಸು ಈಗ ನನ್ನದು.

ಹಾಗಾಗಿ ಅವಳು ಮಾತನ್ನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಬಾಟಲಿ ಬಿದ್ದದ್ದು ಅಂತಾದರೆ ಕೇಜು ಬದಲಾಯಿಸಿ, ಬೇಕಾದಷ್ಟು ಸೈಕಲ್ ಹೊಡೀರಿ. ಮರೆತದ್ದು ಅಂತಾದರೆ ಸೈಕಲ್ ಕೊಟ್ಟುಬಿಡುವ, ಡಾಕ್ಟರ ಹತ್ರ ಹೋಗುವ."

ಕೇಜು ಎಂದರೆ ಸೈಕಲ್ಲಿನ ಕೊಳವೆಗೆ ತಿರುಪು ಹಾಕಿ ಕೂರಿಸುವ, ಬಾಟಲಿಯನ್ನು ಅಪ್ಪಿ ಹಿಡಿಯುವ ಕಂಬಿಯ ಗೂಡು. ಅದರೊಳಗೆ ನಾನು ಇಡುತ್ತಿದ್ದದ್ದು ಸೈಕಲ್ಲಿನ ಬಾಟಲಿಯಲ್ಲ. ಪ್ಲಾಸ್ಟಿಕ್ಕಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ನೀರಿಗೆ ಏನನ್ನು ಬಿಡುತ್ತದೆ ಎಂದು ಬಾಟಲಿ ಮಾರುವವರು ಹೇಳುವುದಿಲ್ಲ. ಏನೂ ಬಿಡುವುದಿಲ್ಲ ಎಂದು ಮಾತ್ರ ಹೇಳುತ್ತಾರೆ. ಇನ್ನೊಂದು ಕಾರಣ ನನ್ನ ಹೆಂಡತಿಯ ತಮ್ಮ. ಅವನು ನಮ್ಮ ಮಾರುಕಟ್ಟೆಯಲ್ಲೇ ದಕ್ಷಿಣದ ತಿಂಡಿಯ ಹೋಟೆಲು ನಡೆಸುತ್ತಾನೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಸೈಕಲ್ಲಿನಲ್ಲಿ ಹೋಗುವುದು. ನಾವು ಕರಾವಳಿಯ ಕಡೆಯವರು. ಲೋಟವಾಗಲಿ ಚೊಂಬಾಗಲಿ ತುಟಿಗೆ ತಾಗಿಸದೆ, ಎತ್ತಿ, ಬಾಯಿಗೆ ಹೊಯ್ದುಕೊಂಡು ಕುಡಿಯುವ ಅಭ್ಯಾಸ. ಹಾಗೆ ಕುಡಿದರೆ ಒಂದೇ ಬಾಟಲಿ ಇಬ್ಬರಿಗೂ ಆಗುತ್ತದೆ, ಎಂಜಲಾಗುವುದಿಲ್ಲ. ಸೈಕಲ್ಲಿನ ಬಾಟಲಿಗಳ ತುದಿಯಲ್ಲಿ ಮಗುವಿನ ಹಾಲಿನ ಬಾಟಲಿಗಿದ್ದಂತೆ ಮೊಲೆತೊಟ್ಟು ಇರುತ್ತದೆ. ಅದನ್ನು ಬಾಯೊಳಗಿಟ್ಟು ಚೀಪಬೇಕು. ಇಬ್ಬರು ಗಂಡಸರು ಅದನ್ನು ಹಂಚಿಕೊಳ್ಳುವುದು ನಮ್ಮಿಂದ ಸಾಧ್ಯವಿರಲಿಲ್ಲ.

ಆದ್ದರಿಂದ ಭಾವಮೈದುನ ತನ್ನ ಹೋಟೆಲಿಗೆ ತರಿಸಿದ್ದ ಸ್ಟೀಲ್ ಬಾಟಲಿಗಳಲ್ಲಿ ಒಂದನ್ನು ನನಗೆ ಕೊಟ್ಟಿದ್ದ. ಅದು ಕೇಜಿಗಿಂತ ಸಪೂರ. ಸುತ್ತ ಹಳೆಯ ಪಂಚೆಯ ಚೂರನ್ನು ಒದ್ದೆ ಮಾಡಿ ಸುತ್ತಿ, ದಾರ ಕಟ್ಟಿದರೆ ಸರಿಯಾಗಿ ಕೂರುತ್ತಿತ್ತು. ಒದ್ದೆ ಬಟ್ಟೆಯಿಂದ ನೀರೂ ತಣ್ಣಗಿರುತ್ತಿತ್ತು. ಕುಡಿಯಬೇಕೆಂದರೆ ಮಾತ್ರ ಸೈಕಲ್ ನಿಲ್ಲಿಸಬೇಕು, ಎರಡೂ ಕೈ ಬೇಕು. ಮುಚ್ಚಳ ತಿರುಗಿಸಿ ತೆಗೆದು, ತಲೆ ಹಿಂದೆ ಹಾಕಿ ಹೊಯ್ದುಕೊಳ್ಳಬೇಕು. ಪಕ್ಕದಲ್ಲಿ ಹಾದುಹೋಗುವ ಬಿಗಿ ಅಂಗಿಯ ಹುಡುಗರು ಪೆಡಲ್ ತುಳಿಯುತ್ತಲೇ ಚೀಪಿಕೊಂಡು ಮುಂದೆ ಹೋಗುತ್ತಿದ್ದರು. ನಾವು ಮರದ ಕೆಳಗೆ ನಿಂತು ಆಕಾಶ ನೋಡುತ್ತ ನೀರು ಕುಡಿಯುತ್ತಿದ್ದೆವು.

ಆ ಭಾನುವಾರ ಎಂದಿನಂತೆ ಚಾಣಕ್ಯಪುರಿಯವರೆಗೆ ಹೋದೆವು. ಅಲ್ಲಿ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಇಡ್ಲಿ ತಿಂದೆವು. ಭಾವಮೈದುನ ಬೇರೆಯವರ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡದೆ ತಿನ್ನುವುದಿಲ್ಲ. ಅಂದೂ ಒತ್ತಿದ, ಏನೋ ಗೊಣಗಿದ. ವಾಪಸು ಬರುವಾಗ ತಡವಾಗಿತ್ತು, ಬಿಸಿಗಾಳಿ ಶುರುವಾಗಿತ್ತು. ನಿಜಾಮುದ್ದೀನ್ ಸೇತುವೆಯ ಮೇಲೆ ಬಾಯಾರಿ ಕೈ ಕೆಳಗೆ ಹಾಕಿದೆ. ಕೇಜು ಖಾಲಿಯಾಗಿತ್ತು. ಕಂಬಿ ಕಾದು ಬೆರಳಿಗೆ ಚುರುಕ್ ಎಂದಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಪಾದಚಾರಿ ಕಟ್ಟೆಯ ಮೇಲೆ ಕೂತು ಇಡ್ಲಿಯನ್ನೆಲ್ಲ ವಾಂತಿ ಮಾಡಿದೆ. ಭಾವಮೈದುನ ಆಟೋ ಹಿಡಿದು ನನ್ನನ್ನು ಮನೆಗೆ ತಂದು ಹಾಕಿದ.

ಉಪ್ಪು ಸಕ್ಕರೆಯ ನೀರು ಕುಡಿದು ಸಂಜೆಗೆ ಸರಿಹೋದೆ. ಆಗ ವಿಚಾರಣೆ ಶುರುವಾಯಿತು.

ನನ್ನ ಹೇಳಿಕೆ ಸ್ಪಷ್ಟವಾಗಿತ್ತು. ಚಾಣಕ್ಯಪುರಿಯಿಂದ ಹೊರಡುವ ಮುಂಚೆ ನೀರು ಕುಡಿದೆ, ಮುಚ್ಚಳ ಹಾಕಿದೆ, ಬಾಟಲಿಯನ್ನು ಕೇಜಿನೊಳಗೆ ಒತ್ತಿ ಕೂರಿಸಿದೆ. ಒತ್ತಿದಾಗ ಒದ್ದೆ ಬಟ್ಟೆಯಿಂದ ನೀರು ಜಿನುಗಿ ಅಂಗೈ ತಣ್ಣಗಾದದ್ದು ಕೂಡ ನೆನಪಿದೆ.

"ನೀನು ನೋಡಿದ್ಯಾ?" ಎಂದು ಹೆಂಡತಿ ತಮ್ಮನನ್ನು ಕೇಳಿದಳು.

"ಸೇತುವೆ ಮೇಲೆ ಖಾಲಿ ಇತ್ತು ಅಕ್ಕ. ಅದಕ್ಕೆ ಮುಂಚೆ ನಾನು ನೋಡ್ಲಿಲ್ಲ."

"ಬಿದ್ದ ಶಬ್ದ?"

"ಅಲ್ಲಿ ಬಸ್ಸು, ಟ್ರಕ್ಕು. ಆನೆ ಬಿದ್ರೂ ಕೇಳುವುದಿಲ್ಲ."

ಇದು ಯಾರ ಪರವೂ ಅಲ್ಲದ ಸಾಕ್ಷ್ಯ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಸಾಕ್ಷಿ ಹೇಳುವವನಿಗೆ ಅದರಿಂದ ಏನು ಸಿಗುತ್ತದೆ ಎಂದು ಮೊದಲು ನೋಡಬೇಕೆಂದು ಅಲ್ಲಿ ಕಲಿಸಿದ್ದರು. ಬಾಟಲಿ ಕೊಟ್ಟವನು ಇವನು. ಅದು ಕೇಜಿನಿಂದ ಜಾರಿತು ಎಂದರೆ ಇವನ ಉಡುಗೊರೆಯೇ ತಪ್ಪಿತಸ್ಥ. ಹಾಗಾಗಿ ನೋಡಿದ್ದನ್ನು ನುಂಗುತ್ತಿದ್ದಾನೆಯೇ ಎಂಬ ಸಂಶಯ ಬಂತು. ಮರುದಿನ ಬೆಳಿಗ್ಗೆ ಸೇತುವೆಯ ಉದ್ದಕ್ಕೂ ನಡೆದು ಹುಡುಕಿದೆ. ಸಿಗಲಿಲ್ಲ. ಅತಿಥಿಗೃಹದಲ್ಲಿ ವಿಚಾರಿಸಿದೆ. ಅಲ್ಲಿಯೂ ಇರಲಿಲ್ಲ. ಆದರೆ ದೆಹಲಿಯಲ್ಲಿ ರಸ್ತೆಯ ಮೇಲೆ ಬಿದ್ದ ಸ್ಟೀಲ್ ಬಾಟಲಿ ಒಡೆಯನಿಗಾಗಿ ಕಾಯುತ್ತ ಕೂರುವುದಿಲ್ಲ, ಮರೆತು ಬಿಟ್ಟದ್ದೂ ಕೂರುವುದಿಲ್ಲ. ಎರಡೂ ಕಡೆ ಸಿಗದೇ ಇದ್ದದ್ದರಿಂದ ಏನೂ ಸಾಬೀತಾಗಲಿಲ್ಲ.

ಈ ನಡುವೆ ಹೆಂಡತಿ ನನ್ನನ್ನು ಪರೀಕ್ಷಿಸುತ್ತಿದ್ದಾಳೆ ಎಂದು ನನಗೆ ಅನ್ನಿಸತೊಡಗಿತು. ಊಟಕ್ಕೆ ಕೂತಾಗ, ಏನೋ ಮಾತಿಗೆ ಎಂಬಂತೆ, "ನಿನ್ನೆ ಎಂತ ಪಲ್ಯ ಮಾಡಿದ್ದು ನಾನು?" ಎನ್ನುವಳು.

"ತೊಂಡೆಕಾಯಿ."

"ಅದು ಮೊನ್ನೆ."

ತೊಂಡೆಕಾಯಿ ನಿನ್ನೆಯೇ ಎಂದು ನನಗೆ ಖಾತ್ರಿಯಿತ್ತು. ನನ್ನನ್ನು ಅಲುಗಾಡಿಸಿ ನೋಡಲು ಬೇಕೆಂದೇ ಮೊನ್ನೆ ಎಂದಳೋ, ನಿಜಕ್ಕೂ ಮೊನ್ನೆಯೋ? ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯಲ್ಲಿ ತೊಟ್ಟುಗಳನ್ನು ಹುಡುಕಿದೆ. ಕಸದವನು ಆಗಲೇ ಒಯ್ದಿದ್ದ.

ಕೇಜಿನದೇ ತಪ್ಪು ಎಂದು ತಜ್ಞರಿಂದ ಹೇಳಿಸೋಣವೆಂದು ಅದನ್ನು ಸೈಕಲ್ಲಿನಿಂದ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು, ಝಂಡೇವಾಲಾನ್‌ನ ಸೈಕಲ್ ಮಾರುಕಟ್ಟೆಗೆ ಹೋದೆ. ಭಾವಮೈದುನನೂ ಬಂದ. ಒಂದು ಅಂಗಡಿಯ ಗೋಡೆಯ ತುಂಬ ಕೇಜುಗಳು ನೇತಾಡುತ್ತಿದ್ದವು. ಅಲ್ಯೂಮಿನಿಯಂನವು, ಪ್ಲಾಸ್ಟಿಕ್ಕಿನವು, ಗರಿಯಷ್ಟು ಹಗುರಾದ ಕಾರ್ಬನ್‌ನವು, ಚಿಕ್ಕ ಸೈಕಲ್ಲುಗಳಿಗಾಗಿ ಪಕ್ಕದಿಂದ ಬಾಟಲಿ ತೆಗೆಯುವಂಥವು. ನಾನು ಮೊದಲು ಬಾಟಲಿಗಳ ಕಡೆ ಹೋದೆ. ಪ್ರತಿಯೊಂದರ ಮುಚ್ಚಳ ತೆಗೆದು ಮೂಸಿದೆ. ಎಲ್ಲದರ ಮೇಲೂ ನಿರಪಾಯಕಾರಿ ಎಂದು ಬರೆದಿತ್ತು, ಎಲ್ಲದರಿಂದಲೂ ಹೊಸ ಚಪ್ಪಲಿಯ ವಾಸನೆ ಬರುತ್ತಿತ್ತು.

"ಅಂಕಲ್‌ಜೀ, ಯೇ ಇತ್ರ್ ಥೋಡೀ ಹೈ!" ಎಂದ ಅಂಗಡಿಯವ. ಅತ್ತರು ಮೂಸಿದ ಹಾಗೆ ಮೂಸುತ್ತೀರಲ್ಲ ಎಂದು.

"ಅವರಿಗೆ ನೀರಿನ ಮೇಲೂ ಡೌಟು ಭಯ್ಯಾ" ಎಂದು ಭಾವಮೈದುನ ಹಿಂದಿಯಲ್ಲಿ ಸೇರಿಸಿದ.

ನಾನು ಚೀಲದಿಂದ ಹಳೆಯ ಕೇಜು ತೆಗೆದು ತೋರಿಸಿದೆ. ಇದು ಸಡಿಲವಾಗಿದೆಯೇ ಎಂದು ಕೇಳಿ ಮುಗಿಸುವ ಮುಂಚೆಯೇ, "ಬಿಲ್ಕುಲ್ ಢೀಲಾ ಹೈ" ಎಂದ, ಪೂರಾ ಸಡಿಲ ಎಂದು.

"ನೀವು ಮುಟ್ಟಿಯೇ ನೋಡಲಿಲ್ಲವಲ್ಲ."

"ನೋಡಿದರೆ ಗೊತ್ತಾಗುತ್ತೆ ಅಂಕಲ್‌ಜೀ."

ಅವನು ಬೇರೆ ಗಿರಾಕಿಯ ಕಡೆ ತಿರುಗಿದಾಗ ಅವನ ಗೋಡೆಯಿಂದಲೇ ಒಂದು ಕೇಜನ್ನು ತೆಗೆದುಕೊಂಡೆ. ಅವನು ಮತ್ತೆ ಬಂದಾಗ ಅದನ್ನು ಮುಂದೆ ಹಿಡಿದು, ಇದು ಹೇಗೆ ಎಂದೆ. "ಯೇ ಭೀ ಢೀಲಾ" ಎಂದ.

"ಇದು ನಿಮ್ಮದೇ."

ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಜೋರಾಗಿ ನಕ್ಕು, "ತೋ ಫಿರ್ ಟೈಟ್ ಹೈ" ಎಂದ, ಹಾಗಾದರೆ ಬಿಗಿಯೇ ಎಂದು.

ಭಾವಮೈದುನ ಮೆಟ್ರೋದಲ್ಲಿ ಮನೆಯವರೆಗೂ ಇದನ್ನೇ ಹೇಳಿಕೊಂಡು ನಕ್ಕ. ನನ್ನ ತಜ್ಞ ಕೈಕೊಟ್ಟಿದ್ದ. ಆದರೂ ಅಂಗಡಿಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಸೈಕಲ್ಲಿಗೆಂದೇ ಮಾಡಿದ ಬಾಟಲಿಗಳ ಸೊಂಟದಲ್ಲಿ ಒಂದು ತೋಡು ಇರುತ್ತದೆ. ಕೇಜಿನ ನಾಲಿಗೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನನ್ನ ಸ್ಟೀಲ್ ಬಾಟಲಿಗೆ ತೋಡೇ ಇರಲಿಲ್ಲ. ಅದನ್ನು ಹಿಡಿದಿಟ್ಟದ್ದು ಒದ್ದೆ ಬಟ್ಟೆ ಮಾತ್ರ. ನಮ್ಮ ಕಡೆ ಒದ್ದೆ ಬಟ್ಟೆ ಸುತ್ತಿದರೆ ಮಧ್ಯಾಹ್ನದವರೆಗೂ ಒದ್ದೆಯಾಗಿಯೇ ಇರುತ್ತದೆ, ಗಾಳಿಯಲ್ಲೇ ನೀರಿದೆ. ದೆಹಲಿಯ ಬೇಸಿಗೆಯಲ್ಲಿ ಅದೇ ಬಟ್ಟೆ ಹಪ್ಪಳದಂತೆ ಒಣಗುತ್ತದೆ. ಒಣಗಿದ ಬಟ್ಟೆ ಕೇಜಿನ ನಯವಾದ ಕಂಬಿಯ ಮೇಲೆ ಜಾರುತ್ತದೆ. ಅಂದರೆ ಬಾಟಲಿ ಬಿದ್ದಿರಲು ಸಾಧ್ಯ.

ನಾನು ಈ ವಾದವನ್ನು ಮನೆಯಲ್ಲಿ ಮಂಡಿಸಿದೆ. ಹೆಂಡತಿ ಕೊನೆಯವರೆಗೂ ಕೇಳಿದಳು. "ಬಟ್ಟೆ ಒಣಗಿದ್ದು ಒಪ್ಪಿದೆ. ಆದರೆ ನೀವು ಬಾಟಲಿ ಇಟ್ಟದ್ದು ಹೌದಾ ಅಂತ ನನ್ನ ಪ್ರಶ್ನೆ" ಎಂದಳು.

"ಹಾಗಾದರೆ ಮಾಡಿ ನೋಡುವ."

ಅಂಗಡಿಯವನ ಒತ್ತಾಯಕ್ಕೆ ಹೊಸ ಕೇಜನ್ನೂ, ದೂಳು ಕೂರದಂತೆ ತೊಟ್ಟಿನ ಮೇಲೆ ಟೋಪಿಯಿದ್ದ ಒಂದು ಬಾಟಲಿಯನ್ನೂ ಕೊಂಡು ತಂದಿದ್ದೆನಾದರೂ ಅವನ್ನು ಬೀರುವಿನಲ್ಲಿಟ್ಟೆ. ಹಳೆಯ ಕೇಜನ್ನೇ ಮತ್ತೆ ತಿರುಪು ಹಾಕಿ ಕೂರಿಸಿದೆ. ಭಾವಮೈದುನ ಹೋಟೆಲಿನಿಂದ ಅದೇ ಥರದ ಸ್ಟೀಲ್ ಬಾಟಲಿ ತಂದ. ಅದೇ ಪಂಚೆಯ ಇನ್ನೊಂದು ಚೂರು ಸುತ್ತಿದೆ. ನಿಯಮಗಳನ್ನು ನಾನೇ ಮಾಡಿದೆ. ಅದೇ ದಾರಿ, ಅದೇ ನಿಲುಗಡೆ. ಚಾಣಕ್ಯಪುರಿ ಬಿಟ್ಟ ಮೇಲೆ ಮನೆ ಮುಟ್ಟುವವರೆಗೂ ನಾನು ಕೇಜಿನ ಕಡೆ ನೋಡಬಾರದು, ಮುಟ್ಟಬಾರದು. ನೋಡಿದರೆ ಗೊತ್ತಿಲ್ಲದೆಯೇ ಹುಷಾರಾಗಿ ತುಳಿಯುತ್ತೇನೆ, ಪರೀಕ್ಷೆ ಕೆಡುತ್ತದೆ. ಭಾವಮೈದುನ ಹಿಂದಿನಿಂದ ಬರಬೇಕು, ನನಗೆ ಬಾಯಾರಿದರೆ ಅವನ ಬೆನ್ನುಚೀಲದಲ್ಲಿ ಬೇರೆ ನೀರು.

"ಇಷ್ಟೆಲ್ಲ ತಲೆ ನಿಮ್ಮ ಆಫೀಸಲ್ಲಿ ಓಡಿಸಿದ್ರೆ ಸೆಕ್ರೆಟರಿ ಆಗ್ತಿದ್ರಿ ಭಾವ" ಎಂದ.

ಆ ಬೆಳಿಗ್ಗೆ ನಾನು ಹಿಂದೆಂದೂ ಇಲ್ಲದಷ್ಟು ಎಚ್ಚರದಲ್ಲಿದ್ದೆ. ಪ್ರತಿಯೊಂದನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ಈಗ ಇಡ್ಲಿ ತಿಂದೆ. ಈಗ ನೀರು ಕುಡಿದೆ. ಈಗ ಮುಚ್ಚಳ. ಈಗ ಕೇಜು, ಒತ್ತಿದೆ, ಅಂಗೈ ತಣ್ಣಗಾಯಿತು. ಅಲ್ಲಿಂದ ಮುಂದೆ ಕಣ್ಣನ್ನು ರಸ್ತೆಯ ಮೇಲಿಂದ ಕೆಳಗಿಳಿಸಲಿಲ್ಲ. ಬಂದ ಬಂದ ಉಬ್ಬುಗಳ ಮೇಲೆ ಬೇಕೆಂದೇ ಜೋರಾಗಿ ಹಾರಿಸಿದೆ. ಸೇತುವೆಯ ಮೇಲೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಒಣಗು, ಇನ್ನೂ ಒಣಗು ಎಂದು ಬಟ್ಟೆಗೆ ಹೇಳುತ್ತಿದ್ದೆ.

ನಮ್ಮ ಫ್ಲಾಟುಗಳ ಸೊಸೈಟಿಯ ಗೇಟಿನೊಳಗೆ ಇಳಿದು ಕೆಳಗೆ ನೋಡಿದೆ. ಕೇಜು ಖಾಲಿ.

ಅಷ್ಟು ಖುಷಿ ನನಗೆ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. "ಬಿತ್ತು! ನೋಡು, ಬಿತ್ತು!" ಎಂದೆ. ಹೆಂಡತಿ ನನ್ನನ್ನು ಬಿಟ್ಟು ಹಿಂದೆ ಬಂದ ತಮ್ಮನ ಮುಖ ನೋಡಿದಳು.

"ಹೌದಕ್ಕ, ಬಿತ್ತು" ಎಂದ ಅವನು. ಬೆನ್ನುಚೀಲದ ಜಿಪ್ಪು ಎಳೆದು ಬಾಟಲಿಯನ್ನು ಮೇಜಿನ ಮೇಲಿಟ್ಟ. "ಸೇತುವೆ ಮೇಲೆ. ನಾನು ಎತ್ತಿಕೊಂಡು ಬಂದೆ."

ಅವಳು ಕುರ್ಚಿಯಲ್ಲಿ ಕೂತಳು. ಎಷ್ಟೋ ವಾರಗಳಿಂದ ಹೊತ್ತುಕೊಂಡದ್ದನ್ನು ಇಳಿಸಿದವರ ಹಾಗೆ ಉಸಿರು ಬಿಟ್ಟಳು. ಆಮೇಲೆ ಎದ್ದು, ಕಾಫಿಗೆ ನೀರಿಟ್ಟು, "ಇನ್ನು ಆ ಹೊಸದನ್ನು ಹಾಕಿಸಿಕೊಳ್ಳಿ ಮಾರಾಯ್ರೆ" ಎಂದು ಒಳಗಿನಿಂದ ಹೇಳಿದಳು. ಆ ದನಿಯಲ್ಲಿ ನಗು ಇತ್ತು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ತೀರ್ಪು ನನ್ನ ಪರವಾಗಿ ಬಂದಿತ್ತು. ಆದರೆ ಅಭ್ಯಾಸ ಬಿಡಲಿಲ್ಲ, ಬಾಟಲಿಯನ್ನು ಕೈಗೆತ್ತಿಕೊಂಡೆ. ತಿರುಗಿಸಿ ನೋಡಿದೆ. ತಳ ನೋಡಿದೆ, ಕತ್ತು ನೋಡಿದೆ, ಮುಚ್ಚಳದ ಅಂಚು ನೋಡಿದೆ. ಬಟ್ಟೆ ಸುತ್ತಿಕೊಂಡೇ ಇತ್ತು, ದಾರವೂ ಬಿಗಿಯಾಗಿಯೇ ಇತ್ತು. ಮಡಿಕೆಗಳ ಒಳಗೆ ಇನ್ನೂ ತೇವವಿತ್ತು.

"ಇದಕ್ಕೆ ಒಂದು ನೆಗ್ಗೂ ಆಗಿಲ್ಲ" ಎಂದೆ.

"ಗಟ್ಟಿ ಮಾಲು ಭಾವ" ಎಂದ ಭಾವಮೈದುನ.

"ಗೀರೂ ಇಲ್ಲ."

"ಹುಲ್ಲಿನ ಮೇಲೆ ಬಿತ್ತಲ್ಲ."

"ಸೇತುವೆ ಮೇಲೆ ಹುಲ್ಲು ಎಲ್ಲಿದೆ ಮಾರಾಯ?"

ಅವನು ಬೆನ್ನುಚೀಲದ ಜಿಪ್ಪನ್ನು ಮತ್ತೆ ಹಾಕತೊಡಗಿದ. ಒಲೆ ಆರಿಸಿದ ಶಬ್ದ ಕೇಳಿಸಿತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಬಿಡಿ ಭಾವ. ಚಲೋ, ಕಾಫಿ ಕುಡಿಯುವ" ಎಂದ.

"ಎಲ್ಲಿತ್ತು?"

"ಅದೆಲ್ಲ ಯಾಕೆ ಈಗ ನಿಮಗೆ? ಅಕ್ಕ ಒಪ್ಪಿದ್ದಾಳೆ, ನೀವೂ ಒಪ್ಪಿಬಿಡಿ. ನೀವು ಸೈಕಲ್ ಬಿಟ್ರೆ ನಾನು ಆ ಹುಡುಗರ ಜೊತೆ ಹೋಗ್ಬೇಕಾ?"

"ಎಲ್ಲಿತ್ತು ಅಂತ ಕೇಳಿದೆ."

ಅವನು ಅಕ್ಕನನ್ನು ನೋಡಿದ. ಅವಳು ಹೇಳು ಎಂಬಂತೆ ತಲೆಯಾಡಿಸಿದಳು.

"ಕಟ್ಟೆ ಮೇಲೆ" ಎಂದ. "ಅತಿಥಿಗೃಹದ ಹೊರಗೆ ಒಂದು ನಲ್ಲಿ ಇದೆಯಲ್ಲ, ಅದರ ಪಕ್ಕದ ಕಟ್ಟೆ ಮೇಲೆ."

ನಲ್ಲಿಯ ಹತ್ತಿರ ನಾನು ಹೋಗಿಯೇ ಇರಲಿಲ್ಲ. ಹೋಗುವ ಪ್ರಶ್ನೆಯೇ ಇರಲಿಲ್ಲ. ಬಟ್ಟೆ ಒಣಗಬೇಕೆಂಬುದೇ ಪರೀಕ್ಷೆಯ ಉದ್ದೇಶ, ನಾನು ಅದನ್ನು ಮತ್ತೆ ಒದ್ದೆ ಮಾಡುತ್ತೇನೆಯೇ? ಇದನ್ನೇ ಹೇಳಿದೆ. ಹೇಳುತ್ತಿರುವಾಗಲೇ ಬೆರಳುಗಳು ಬಟ್ಟೆಯ ತೇವದ ಮೇಲಿದ್ದವು. ಮನೆಯಿಂದ ಹೊರಟಾಗ ಮಾಡಿದ ಒದ್ದೆ ಇಷ್ಟು ಹೊತ್ತು ಉಳಿಯುವಂಥದ್ದಲ್ಲ. ಅದನ್ನು ಇದೇ ಕೋಣೆಯಲ್ಲಿ ನಿಂತು ವಾದಿಸಿದವನು ನಾನೇ.

"ನನಗೆ ನೆನಪಿದೆ" ಎಂದೆ. "ಕೇಜಿನಲ್ಲಿ ಒತ್ತಿದ್ದು. ಅಂಗೈ ತಣ್ಣಗಾದದ್ದು."

"ಬಟ್ಟೆ ಹಿಂಡಿದ್ದು ಭಾವ ನೀವು. ಅದಕ್ಕೇ ತಣ್ಣಗಾಗಿರಬೇಕು."

ಬೇರೆ ಯಾರಾದರೂ ಹಾಗೆ ಅಂಗೈಯ ತಣ್ಣನೆಯವರೆಗೆ ವಿವರ ಕೊಟ್ಟಿದ್ದರೆ ನಾನು ಆ ಹೇಳಿಕೆಯನ್ನೇ ಮೊದಲು ಅನುಮಾನಿಸುತ್ತಿದ್ದೆ. ಸರ್ಕಾರಿ ಕಚೇರಿಯ ಕಾಗದಪತ್ರಗಳ ನಡುವೆ ಕಳೆದ ಅಷ್ಟು ವರ್ಷಗಳಲ್ಲಿ ಎಷ್ಟು ಜನರ ಜ್ಞಾಪಕವನ್ನು ಹಾಗೆ ಬದಿಗಿಟ್ಟಿದ್ದೇನೋ. ನನ್ನದನ್ನು ಮಾತ್ರ ಒಮ್ಮೆಯೂ ಎದುರು ಕೂರಿಸಿ ಕೇಳಿರಲಿಲ್ಲ.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ತಮ್ಮನನ್ನು ಬೈಯುತ್ತಾಳೆ ಎಂದುಕೊಂಡೆ, ಅದೂ ಇಲ್ಲ. ಬಾಟಲಿಯನ್ನು ನನ್ನ ಕೈಯಿಂದ ತೆಗೆದು ದೂರ ಇಟ್ಟಳು.

"ನೀವು ಸುಮ್ಮನಿದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ" ಎಂದಳು.

"ಹೌದು."

"ನಾಳೆ ಡಾಕ್ಟರಿಗೆ ಫೋನ್ ಮಾಡ್ತೇನೆ."

"ಇವತ್ತೇ ಮಾಡು."

"ಇವತ್ತು ಭಾನುವಾರ ಅಲ್ವಾ?" ಎಂದಳು. ತಕ್ಷಣ ನನ್ನ ಮುಖ ನೋಡಿದಳು. ಅದೂ ಒಂದು ಪರೀಕ್ಷೆಯೆಂದು ನಾನು ತಿಳಿದುಕೊಂಡೇನೋ ಎಂಬ ಹೆದರಿಕೆ ಅವಳ ಕಣ್ಣಿನಲ್ಲಿತ್ತು. ಹಾಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸೈಕಲ್ ಕೊಡುವ ಮಾತನ್ನು ಅವಳು ಎತ್ತಲಿಲ್ಲ. ನಾನೇ ಕೀಲಿಕೈಯನ್ನು ಜೇಬಿನಿಂದ ತೆಗೆದು ಭಾವಮೈದುನನ ಮುಂದೆ ಇಟ್ಟೆ. "ಡಾಕ್ಟರು ಏನು ಹೇಳ್ತಾರೋ, ಅಲ್ಲಿಯವರೆಗೆ ನಿನ್ನ ಹತ್ರ ಇರಲಿ" ಎಂದೆ. ಅವನು ಅದನ್ನು ಮುಟ್ಟಲು ಹಿಂಜರಿದ. ಅವನ ಅಕ್ಕ, ತಕ್ಕೋ ಎಂದ ಮೇಲೆ ತೆಗೆದುಕೊಂಡ.

"ಡಾಕ್ಟರ ಹತ್ರ ನೀನೂ ಬಾ" ಎಂದು ಅವನಿಗೆ ಹೇಳಿದೆ. "ಏನಾಯಿತು ಅಂತ ಅವರು ನನ್ನನ್ನು ಕೇಳ್ತಾರೆ. ನಾನು ಚೆನ್ನಾಗಿ ಹೇಳ್ತೇನೆ, ನಂಬುವ ಹಾಗೆ. ಆಗ ನೀನು ಅಲ್ಲಿರಬೇಕು."

ಅವನು ಹೂಂ ಎಂದ.

"ಈಗ ಹೇಳು. ನಾನು ಅಲ್ಲಿ ಏನೇನು ಮಾಡಿದೆ? ಮೊದಲಿನಿಂದ ಹೇಳು."

ಅವನು ನಿಧಾನವಾಗಿ ಹೇಳತೊಡಗಿದ. ನೀವು ಇಡ್ಲಿ ತಿಂದು ಹೊರಗೆ ಬಂದ್ರಿ. ನೀರು ಕುಡಿದ್ರಿ, ನನಗೂ ಕೊಟ್ರಿ. ಆಮೇಲೆ ನಲ್ಲಿ ಹತ್ರ ಹೋಗಿ ಬಟ್ಟೆ ಬಿಚ್ಚಿದ್ರಿ. ನಾನು ಕರೆದೆ, ಭಾವ ಅದು ಬೇಡ ಅಂತ, ನಿಮಗೆ ಕೇಳಿಸಲಿಲ್ಲ. ಒದ್ದೆ ಮಾಡಿ, ಹಿಂಡಿ, ಮತ್ತೆ ಸುತ್ತಿ ದಾರ ಕಟ್ಟಿದ್ರಿ. ಬಾಟಲಿಯನ್ನು ಕಟ್ಟೆ ಮೇಲಿಟ್ಟು ಕೈ ಒರೆಸಿಕೊಂಡ್ರಿ. ನಾನು ಬೇರೆಯವನ ವಿಷಯ ಕೇಳುವ ಹಾಗೆ ಕೇಳುತ್ತ ಕೂತೆ. ಆ ಮನುಷ್ಯ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ, ಯಾವುದಕ್ಕೂ ಅವಸರ ಮಾಡಲಿಲ್ಲ. ಆಮೇಲೆ ಸೈಕಲ್ ಹತ್ತಿ ಹೊರಟುಹೋದ.

"ಹೋಗುವಾಗ ಹಿಂದೆ ತಿರುಗಿ ನೋಡಿದೆನಾ?" ಎಂದು ಕೇಳಿದೆ.

"ಇಲ್ಲ ಭಾವ" ಎಂದ. "ನೀವು ಏನೋ ಹಾಡು ಗುನುಗಿಕೊಂಡು ಹೋಗ್ತಿದ್ರಿ."